ಬೀಲ್‌ಗೆ ಕೊಟ್ಟ 5 ಕೋಟಿ ಡಾಲರ್ ಜಾಸ್ತಿಯಾಯ್ತಾ? ನಾನು ಲೆಕ್ಕ ಹಾಕಿದ್ದು ಹೀಗೆ

2024ರ ಅಕ್ಟೋಬರ್‌ನಲ್ಲಿ ಗೆಳೆಯರ ಮುಂದೆ ಖಡಾಖಂಡಿತವಾಗಿ ಹೇಳಿದ್ದೆ, ಈ ಸಲ ನಮ್ಮೂರ ಬಾಸ್ಕೆಟ್‌ಬಾಲ್ ತಂಡ ಫೀನಿಕ್ಸ್ ಸನ್ಸ್ 82ರಲ್ಲಿ 50 ಪಂದ್ಯ ಗೆಲ್ಲುತ್ತದೆ ಅಂತ. ಮೊದಲ 9 ಪಂದ್ಯಗಳಲ್ಲಿ 8 ಗೆದ್ದಾಗ ನನ್ನ ಮಾತು ನಿಜವಾಯ್ತು ಅಂದುಕೊಂಡೆ. ಏಪ್ರಿಲ್ ಹೊತ್ತಿಗೆ ತಂಡ 36 ಗೆದ್ದು 46 ಸೋತಿತ್ತು. ಪ್ಲೇಆಫ್ ಇರಲಿ, ಅದಕ್ಕೂ ಮೊದಲಿನ ಪ್ಲೇ-ಇನ್ ಸುತ್ತಿಗೂ ಹೋಗಲಿಲ್ಲ. ಆ ವರ್ಷ ಇಡೀ ಎನ್‌ಬಿಎಯಲ್ಲಿ, ಅಂದರೆ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗಿನಲ್ಲಿ, ಆಟಗಾರರ ಮೇಲೆ ಅತಿ ಹೆಚ್ಚು ದುಡ್ಡು ಸುರಿದ ತಂಡ ಇದೇ.

ನಾನಿರುವುದು ಅರಿಜೋನಾದ ಚಾಂಡ್ಲರ್‌ನಲ್ಲಿ. ನನ್ನ ಕೆಲಸವೇ ಕಾಂಟ್ರ್ಯಾಕ್ಟ್ ಓದುವುದು. ಬಿಡಿಭಾಗ ಕೊಡುವವರು ಕೇಳುವ ಬೆಲೆ ಸರಿಯಿದೆಯಾ, ಎಷ್ಟು ವರ್ಷಕ್ಕೆ ಕಟ್ಟಿಕೊಳ್ಳಬಹುದು, ಮಧ್ಯದಲ್ಲಿ ಬಿಡಿಸಿಕೊಳ್ಳಲು ದಾರಿ ಇದೆಯಾ ಅಂತ ನೋಡುವುದು. ದಿನವಿಡೀ ಇದನ್ನೇ ಮಾಡುವ ನಾನು, ಮೆಚ್ಚಿದ ತಂಡದ ವಿಷಯದಲ್ಲಿ ಒಂದು ಕಾಂಟ್ರ್ಯಾಕ್ಟನ್ನೂ ನೆಟ್ಟಗೆ ಓದಿರಲಿಲ್ಲ. ಆ ಬೇಸಿಗೆಯಲ್ಲಿ ಕೂತು ಓದಿದೆ. ಸುಮಾರು ಎರಡು ತಿಂಗಳ ಶನಿವಾರಗಳು ಅದಕ್ಕೇ ಹೋದವು.

ಹಿನ್ನೆಲೆ ಸ್ವಲ್ಪ ಹೇಳಿಬಿಡುತ್ತೇನೆ. 2023ರ ಫೆಬ್ರವರಿಯಲ್ಲಿ ಮ್ಯಾಟ್ ಇಷ್ಬಿಯಾ ಸನ್ಸ್ ಮಾಲೀಕರಾದರು. ಅದೇ ವಾರ ಕೆವಿನ್ ಡುರಾಂಟ್ ಅವರನ್ನು ಬ್ರೂಕ್ಲಿನ್‌ನಿಂದ ತಂದರು. ಬದಲಿಗೆ ಮಿಕಾಲ್ ಬ್ರಿಡ್ಜಸ್, ಕ್ಯಾಮ್ ಜಾನ್ಸನ್ ಮತ್ತು ಮೊದಲ ಸುತ್ತಿನ ನಾಲ್ಕು ಡ್ರಾಫ್ಟ್ ಆಯ್ಕೆಗಳನ್ನು (ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸರದಿಗಳನ್ನು) ಕೊಟ್ಟರು. ಜೂನ್‌ನಲ್ಲಿ ವಾಷಿಂಗ್ಟನ್‌ನಿಂದ ಬ್ರಾಡ್ಲಿ ಬೀಲ್ ಬಂದರು. ಡೆವಿನ್ ಬುಕರ್ ಮೊದಲಿನಿಂದಲೂ ಇದ್ದರು. 2024-25ರಲ್ಲಿ ಡುರಾಂಟ್ ಸಂಬಳ 5.12 ಕೋಟಿ ಡಾಲರ್, ಬೀಲ್ ಅವರದು 5.02, ಬುಕರ್ ಅವರದು 4.92. ಮೂವರದು ಸೇರಿ 15.06 ಕೋಟಿ. ಒಂದು ಇಡೀ ತಂಡಕ್ಕೆ ಲೀಗ್ ಹಾಕಿದ್ದ ಸಂಬಳದ ಮಿತಿ 14.06 ಕೋಟಿ! ಈ ಮಿತಿಯನ್ನು ದಾಟಲು ದಾರಿಗಳಿವೆ, ದಾಟಿದರೆ ದಂಡವೂ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಮೊದಲು ಮಾಡಿದ ಹಾಳೆ ತಪ್ಪಾಗಿತ್ತು. ಒಂದು ಕಾಲಂನಲ್ಲಿ ಸಂಬಳ, ಪಕ್ಕದಲ್ಲಿ ಪಂದ್ಯಕ್ಕೆ ಎಷ್ಟು ಪಾಯಿಂಟ್ ಅಂತ ಸರಾಸರಿ. ಅಷ್ಟೇ. 2023-24ರಲ್ಲಿ ಬೀಲ್ 18.2, ಅದೇ ತಂಡದ ಗ್ರೇಸನ್ ಆ್ಯಲನ್ 13.5. ಬೀಲ್ ದುಬಾರಿ, ಆದರೂ ಆಟ ಮೇಲಿನದ್ದೇ ಅಲ್ವಾ ಅಂತ ಸಮಾಧಾನ ಮಾಡಿಕೊಂಡಿದ್ದೆ.

ಅದನ್ನು ತಿದ್ದಿದ್ದು ನನ್ನ ಮಾವನ ಒಂದು ಪ್ರಶ್ನೆ. ಮಾವ ಚನ್ನಗಿರಿಯವರು. ಬಹಳ ವರ್ಷ ಅಡಿಕೆ ತೋಟ ಚೇಣಿ ಹಿಡಿದವರು. ಆಗ ನಮ್ಮ ಮನೆಗೆ ಬಂದಿದ್ದರು. ಹಳೆಯ ಪಂದ್ಯವೊಂದನ್ನು ಹಾಕಿಕೊಂಡು ನೋಡುತ್ತಿದ್ದೆ. ಬೆಂಚಿನ ಕಡೆ ಕ್ಯಾಮೆರಾ ಹೋಯಿತು. ಎಲ್ಲರೂ ಬನಿಯನ್ ಚಡ್ಡಿಯಲ್ಲಿದ್ದರೆ ಒಬ್ಬರು ಮಾತ್ರ ಕೋಟು ಹಾಕಿಕೊಂಡು, ಕಾಲ ಮೇಲೆ ಕಾಲು ಹಾಕಿ ಕೂತಿದ್ದರು.

"ಅಳಿಯಂದ್ರೆ, ಕೋಟು ಹಾಕ್ಕೊಂಡು ಕೂತವ್ರು ಯಾರು?"

"ಅವ್ರೇ ಮಾವ, ಬೀಲ್. ಗಾಯ ಆಗಿದೆ, ಇವತ್ತು ಆಡಲ್ಲ."

"ಇವತ್ತಿನ ಸಂಬಳ ಬರುತ್ತಾ?"

"ಪೂರ್ತಿ ಬರುತ್ತೆ."

ಮಾವ ಸ್ವಲ್ಪ ಹೊತ್ತು ಟಿವಿ ನೋಡಿದರು. "ಹಂಗಾದ್ರೆ ಚೇಣಿ ಹಿಡಿಯೋವಾಗ ಹೋದ ವರ್ಷ ಎಷ್ಟು ಮರ ಗೊನೆ ಬಿಟ್ಟಿತ್ತು ಅಂತ ನೋಡ್ಕೊಳ್ಳಲ್ವಾ ಇವ್ರು?"

ಚೇಣಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ತೋಟದ ಫಸಲನ್ನು ಕೊಯ್ಲಿಗೆ ಮೊದಲೇ ಮಾತಾಡಿ ಕೊಳ್ಳುವುದು. ಫಸಲು ಕಡಿಮೆಯಾದರೆ ನಷ್ಟ ಚೇಣಿ ಹಿಡಿದವನದು. ಎನ್‌ಬಿಎ ಕಾಂಟ್ರ್ಯಾಕ್ಟ್ ಹೆಚ್ಚು ಕಡಿಮೆ ಹೀಗೇ, ಆದರೆ ಒಂದು ಫಸಲಿಗಲ್ಲ, ನಾಲ್ಕೈದು ವರ್ಷಕ್ಕೆ.

ಅವತ್ತೇ ರಾತ್ರಿ ಹಾಳೆಗೆ ಹೊಸ ಕಾಲಂ ಸೇರಿಸಿದೆ: ಆಡಿದ ಪಂದ್ಯಗಳು. ಬೀಲ್ 2021-22ರಲ್ಲಿ 40. ಮುಂದಿನ ವರ್ಷ 50. ಫೀನಿಕ್ಸ್‌ನಲ್ಲಿ 53, ಮತ್ತೆ 53. ನಾಲ್ಕು ವರ್ಷದ 328 ಪಂದ್ಯಗಳಲ್ಲಿ 196. ಶೇ. 60ಕ್ಕೂ ಒಂಚೂರು ಕಡಿಮೆ. ಈಗ 2023-24ನ್ನು ಮತ್ತೆ ನೋಡಿ. ಬೀಲ್ 53 ಪಂದ್ಯ, ಪಂದ್ಯಕ್ಕೆ 18.2. ಒಟ್ಟು ಸುಮಾರು 965 ಪಾಯಿಂಟ್. ಆ್ಯಲನ್ 75 ಪಂದ್ಯ, ಪಂದ್ಯಕ್ಕೆ 13.5. ಒಟ್ಟು ಸುಮಾರು 1,010. ಅದೂ ಮೂರು ಪಾಯಿಂಟಿನ ಎಸೆತದಲ್ಲಿ ಶೇ. 46.1ರಷ್ಟು ಗುರಿ ಮುಟ್ಟಿಸಿ, ಲೀಗಿಗೇ ಮೊದಲಿಗರಾಗಿ. ಆ ವರ್ಷ ಆ್ಯಲನ್ ಸಂಬಳ ಒಂದು ಕೋಟಿ ಡಾಲರ್ ಒಳಗೆ. ಬೀಲ್ ಅವರದು 4.67 ಕೋಟಿ. ಈ ಎರಡು ಸಾಲು ನೋಡಿ ನನಗೆ ನಿಜವಾಗಿ ಬೇಜಾರಾಯ್ತು.

ಬೇಜಾರು ಬೇರೆ, ಬೆಲೆ ಬೇರೆ. ಪಾಯಿಂಟ್ ಎಣಿಸಿ ಬೆಲೆ ಕಟ್ಟಲು ಆಗುವುದಿಲ್ಲ. ತಂಡ ದುಡ್ಡು ಕೊಡುವುದು ಗೆಲುವಿಗೆ. ಹಾಗಾಗಿ ಒಂದು ಗೆಲುವಿನ ಬೆಲೆ ಎಷ್ಟು ಅಂತ ಮೊದಲು ಕಂಡುಕೊಳ್ಳಬೇಕಾಯ್ತು. ಇದರಲ್ಲಿ ನನ್ನ ಅಂದಾಜುಗಳಿವೆ, ಬಿಡಿಸಿ ಹೇಳುತ್ತೇನೆ.

ಹದಿನೈದು ಜನ ಆಟಗಾರರಿಗೂ ಕನಿಷ್ಠ ಸಂಬಳ ಮಾತ್ರ ಕೊಟ್ಟು ಒಂದು ತಂಡ ಕಟ್ಟಿದರೆ? ತಲೆಗೆ ಸುಮಾರು 21 ಲಕ್ಷ ಡಾಲರ್, ಒಟ್ಟು 3.1 ಕೋಟಿ. ಅಂಥ ತಂಡ ಎಷ್ಟು ಗೆಲ್ಲಬಹುದು? 2015-16ರ ಫಿಲಡೆಲ್ಫಿಯಾ ಗೆದ್ದಿದ್ದು 10. 2023-24ರ ಡೆಟ್ರಾಯಿಟ್ ಸತತ 28 ಪಂದ್ಯ ಸೋತೂ ಕೊನೆಗೆ 14 ಗೆದ್ದಿತ್ತು. ನಡುವೆ 12 ಅಂತ ಇಟ್ಟುಕೊಂಡೆ. ಸಾಧಾರಣ ತಂಡ 82ರಲ್ಲಿ ಅರ್ಧ, ಅಂದರೆ 41 ಗೆಲ್ಲುತ್ತದೆ. ಅದರ ಖರ್ಚನ್ನು ಐಷಾರಾಮಿ ತೆರಿಗೆಯ ಗೆರೆಯಷ್ಟು (ಸಂಬಳ ಇದನ್ನು ದಾಟಿದರೆ ತಂಡಕ್ಕೆ ದಂಡ), 17.08 ಕೋಟಿ ಅಂತ ಹಿಡಿದೆ. ಹೆಚ್ಚುವರಿ 29 ಗೆಲುವಿಗೆ ಹೆಚ್ಚುವರಿ ಸುಮಾರು 14 ಕೋಟಿ. ಅಲ್ಲಿಗೆ ಒಂದು ಗೆಲುವಿಗೆ ಸುಮಾರು 48 ಲಕ್ಷ ಡಾಲರ್. 5 ಕೋಟಿ ತೆಗೆದುಕೊಳ್ಳುವ ಆಟಗಾರ, ಕನಿಷ್ಠ ಸಂಬಳದವನಿಗಿಂತ ವರ್ಷಕ್ಕೆ 10 ಗೆಲುವು ಜಾಸ್ತಿ ತಂದುಕೊಡಬೇಕು.

ಈ ಅಳತೆ ಇಟ್ಟುಕೊಂಡು ಮೊದಲು ಡುರಾಂಟ್ ಕಡೆ ತಿರುಗಿದೆ. ದುಡ್ಡು ದಂಡವಾಗಿದ್ದು ಅವರ ಮೇಲೇ ಅಂತ ನನಗೆ ಒಳಗೊಳಗೇ ಅನುಮಾನವಿತ್ತು. ನಾಲ್ಕು ಡ್ರಾಫ್ಟ್ ಆಯ್ಕೆ ಹೋದ ಸಿಟ್ಟು ಅದು. 2024-25ರಲ್ಲಿ ಅವರು ಆಡಿದ 62 ಪಂದ್ಯಗಳಲ್ಲಿ ಸನ್ಸ್ ಗೆದ್ದಿದ್ದು 33, ಸೋತಿದ್ದು 29. ಅವರಿಲ್ಲದ 20 ಪಂದ್ಯಗಳಲ್ಲಿ ಗೆದ್ದಿದ್ದು ಬರೀ 3. ಇದ್ದಾಗ ಶೇ. 53, ಇಲ್ಲದಾಗ ಶೇ. 15. ಆ ಅಂತರವನ್ನು 62 ಪಂದ್ಯಕ್ಕೆ ಹಾಕಿದರೆ 23 ಗೆಲುವಿಗೂ ಮೇಲೆ ಬರುತ್ತದೆ. 20 ಪಂದ್ಯ ಬಹಳ ಸಣ್ಣ ಲೆಕ್ಕ, ಆ ದಿನಗಳಲ್ಲಿ ಬೇರೆಯವರ ಗಾಯಗಳೂ ಇದ್ದವು. ಅದಕ್ಕೇ ಅರ್ಧ ಕಿತ್ತು ಹಾಕಿದೆ. ಆಗಲೂ 11, 12 ಗೆಲುವು ಉಳಿಯಿತು. ಬೇಕಿದ್ದದ್ದು 10. ಮೂವತ್ತಾರನೇ ವಯಸ್ಸಿನಲ್ಲಿ ಡುರಾಂಟ್ ತಮ್ಮ ಸಂಬಳವನ್ನು ದುಡಿದು ತೋರಿಸಿದ್ದರು. ಅವರನ್ನು ತರಲು ಕೊಟ್ಟ ಬೆಲೆ ಜಾಸ್ತಿಯಿರಬಹುದು. ಅದು ಬೇರೆ ಲೆಕ್ಕ. ಅಭಿಮಾನಿಗಳು ಇವೆರಡನ್ನೂ ಕಲಸಿಬಿಡುತ್ತೇವೆ, ನಾನೂ ಕಲಸಿದ್ದೆ.

ಬೀಲ್ ವಿಷಯ ಅಷ್ಟು ಸಲೀಸಲ್ಲ. 10 ಗೆಲುವನ್ನು ಅವರು 53 ಪಂದ್ಯದಲ್ಲೇ ತರಬೇಕು. ಪೂರ್ತಿ 82ಕ್ಕೆ ಎಳೆದರೆ 15 ಗೆಲುವಿನ ಆಟ. ಲೀಗಿನಲ್ಲಿ ಅಂಥವರು ಕೆಲವರೇ. ಬೀಲ್ ಒಂದು ಕಾಲಕ್ಕೆ ಆ ಸಾಲಿಗೆ ಹತ್ತಿರವಿದ್ದರು, ಅದನ್ನು ಮರೆಯಬಾರದು. 2020-21ರಲ್ಲಿ ಪಂದ್ಯಕ್ಕೆ 31.3 ಪಾಯಿಂಟ್ ಹೊಡೆದವರು. ಆದರೆ ವಾಷಿಂಗ್ಟನ್‌ನಲ್ಲಿ ಚೆಂಡು ಅವರ ಕೈಯಲ್ಲೇ ಇರುತ್ತಿತ್ತು. ಫೀನಿಕ್ಸ್‌ನಲ್ಲಿ ಬುಕರ್ ಚೆಂಡು ತರುತ್ತಿದ್ದರು, ಡುರಾಂಟ್‌ಗೆ ಕೊಡುತ್ತಿದ್ದರು, ಬೀಲ್ ಮೂಲೆಯಲ್ಲಿ ಕೈ ಮುಂದೆ ಚಾಚಿಕೊಂಡು ಕಾಯುತ್ತಿದ್ದರು. ಆ ಮೂಲೆಯಲ್ಲಿ ನಿಂತು ಬಂದ ಚೆಂಡನ್ನು ಬುಟ್ಟಿಗೆ ಹಾಕುವ ಕೆಲಸಕ್ಕೆ ಆ್ಯಲನ್ ಇದ್ದರು. 2025ರ ಜನವರಿಯಲ್ಲಿ ಕೋಚ್ ಮೈಕ್ ಬುಡನ್‌ಹೋಲ್ಜರ್, ಬೀಲ್ ಅವರನ್ನು ಮೊದಲ ಐವರಿಂದ ತೆಗೆದು ಬೆಂಚಿನಿಂದ ಇಳಿಸತೊಡಗಿದರು. ಆಟಗಾರ ಕೆಟ್ಟವರಲ್ಲ. ಇರುವುದು ಒಂದೇ ಚೆಂಡು, ಅದರಲ್ಲಿ ಮೂರನೆಯವರ ಪಾಲಿಗೆ ಮೊದಲನೆಯವರ ಬೆಲೆ ಕೊಟ್ಟಿದ್ದರು. ನನ್ನ ಹಾಳೆಯಲ್ಲಿ ಎಷ್ಟೇ ಉದಾರವಾಗಿ ಬರೆದರೂ ಅವರಿಗೆ 5 ಗೆಲುವಿನ ಮೇಲೆ ಹಾಕಲು ನನ್ನ ಕೈ ಬರಲಿಲ್ಲ. ಅಂದರೆ ಸಂಬಳದ ಅರ್ಧ.

ಇಲ್ಲಿಗೇ ನಿಲ್ಲಿಸಿದ್ದರೆ "ಎರಡು ಪಟ್ಟು ಜಾಸ್ತಿ ಕೊಟ್ಟರು" ಅಂತ ಬರೆದು ಮುಗಿಸುತ್ತಿದ್ದೆ. ತೆರಿಗೆಯ ಕಾಲಂ ಹಾಕಿದಾಗ ಚಿತ್ರವೇ ಬದಲಾಯ್ತು.

2024-25ರಲ್ಲಿ 17.08 ಕೋಟಿಯ ಗೆರೆ ದಾಟಿದ ತಂಡ ತೆರಿಗೆ ಕಟ್ಟಬೇಕಿತ್ತು. ಮೊದಲ ಮೆಟ್ಟಿಲಲ್ಲಿ ದಾಟಿದ ಒಂದೊಂದು ಡಾಲರಿಗೆ ಒಂದೂವರೆ ಡಾಲರ್. ಮೇಲೆ ಹತ್ತುತ್ತಾ ಹೋದರೆ ಮೂರು, ನಾಲ್ಕು ಡಾಲರ್ ದಾಟುತ್ತಿತ್ತು. ಸನ್ಸ್ ಆ ವರ್ಷ ಕಟ್ಟಿದ ತೆರಿಗೆ 15 ಕೋಟಿ ಡಾಲರ್‌ಗೂ ಮೇಲೆ. ಮೆಟ್ಟಿಲುಗಳನ್ನು ಹಿಂದಕ್ಕೆ ಇಳಿದು ಎಣಿಸಿದಾಗ, ತಂಡ ಗೆರೆಯ ಮೇಲೆ ಹೋಗಿದ್ದು ಸುಮಾರು 4.4 ಕೋಟಿ. ಬೀಲ್ ಸಂಬಳ 5.02 ಕೋಟಿ. ಆ ಒಂದು ಸಾಲಿನ ಜಾಗದಲ್ಲಿ ಕನಿಷ್ಠ ಸಂಬಳದ ಒಬ್ಬರಿದ್ದಿದ್ದರೆ ತೆರಿಗೆಯೇ ಇರುತ್ತಿರಲಿಲ್ಲ! ಸಂಬಳ, ತೆರಿಗೆ ಎರಡೂ ಸೇರಿಸಿದರೆ 20 ಕೋಟಿ ದಾಟುತ್ತದೆ.

ಇಷ್ಟೂ ತೆರಿಗೆಯನ್ನು ಬೀಲ್ ತಲೆಗೇ ಕಟ್ಟುವುದು ನ್ಯಾಯವಾ ಅಂತ ಬಹಳ ಯೋಚಿಸಿದೆ. ಡುರಾಂಟ್ ಅಥವಾ ಬುಕರ್ ಸಂಬಳ ತೆಗೆದರೂ ಇದೇ ಉತ್ತರ ಬರುತ್ತದಲ್ವಾ? ಆದರೆ ಆಫೀಸಿನಲ್ಲಿ ನಾವು ಕೇಳುವ ಪ್ರಶ್ನೆ ಒಂದೇ: ಸಹಿ ಹಾಕುವ ದಿನ ನಿಮ್ಮ ಕೈಯಲ್ಲಿ ಏನಿತ್ತು, ಈ ಸಹಿಯಿಂದ ಏನು ಸೇರಿತು? ಮೂವರಲ್ಲಿ ಕೊನೆಗೆ ಬಂದವರು ಬೀಲ್. ಹಾಗಾಗಿ ಆ ಭಾರ ಆ ಸಹಿಗೇ ಸೇರಬೇಕು ಅಂತ ನನ್ನ ತೀರ್ಮಾನ. ಅದು ಬೀಲ್ ತಪ್ಪಲ್ಲ. ಕೊಡುವವರು ಕೊಟ್ಟಾಗ ಬೇಡ ಅನ್ನಬೇಕಾದ್ದು ಆಟಗಾರನ ಕೆಲಸವಲ್ಲ.

ಇನ್ನೊಂದು ಷರತ್ತು ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡಿತು. 2022ರ ಜುಲೈನಲ್ಲಿ ವಾಷಿಂಗ್ಟನ್ ಜೊತೆ ಬೀಲ್ ಮಾಡಿಕೊಂಡಿದ್ದು ಐದು ವರ್ಷಕ್ಕೆ 25.1 ಕೋಟಿಯ ಒಪ್ಪಂದ. ತಮ್ಮ ಒಪ್ಪಿಗೆ ಇಲ್ಲದೆ ಬೇರೆ ತಂಡಕ್ಕೆ ಕಳಿಸುವಂತಿಲ್ಲ ಅನ್ನುವ ಸಾಲು ಅದರಲ್ಲಿತ್ತು. ಅವರು ಫೀನಿಕ್ಸ್‌ಗೆ ಬಂದಾಗ ಆ ಸಾಲೂ ಜೊತೆಗೇ ಬಂತು. 2023ರಲ್ಲಿ ಲೀಗ್ ಹೊಸ ನಿಯಮ ತಂದಿತು. ಎರಡನೇ ಏಪ್ರನ್ ಅನ್ನುವ ಗೆರೆ, 2024-25ರಲ್ಲಿ ಅದು 18.89 ಕೋಟಿ. ಅದನ್ನು ದಾಟಿದ ತಂಡ ಇಬ್ಬರು ಸಣ್ಣ ಸಂಬಳದವರನ್ನು ಕೂಡಿಸಿ ಒಬ್ಬ ದೊಡ್ಡ ಸಂಬಳದವನನ್ನು ತರುವಂತಿಲ್ಲ. ಕಳಿಸಿದ್ದಕ್ಕಿಂತ ಜಾಸ್ತಿ ಸಂಬಳ ವಾಪಸ್ ತೆಗೆದುಕೊಳ್ಳುವಂತೆಯೂ ಇಲ್ಲ. 2025ರ ಫೆಬ್ರವರಿ ಹೊತ್ತಿಗೆ ಮಯಾಮಿ ತಂಡದ ಜಿಮ್ಮಿ ಬಟ್ಲರ್ ಫೀನಿಕ್ಸ್‌ಗೆ ಬರುತ್ತಾರೆ ಅನ್ನುವ ಸುದ್ದಿ ದಟ್ಟವಾಗಿತ್ತು. ಅವರ ಸಂಬಳ 4.88 ಕೋಟಿ. ಈ ನಿಯಮದಲ್ಲಿ ಅವರಿಗೆ ಬದಲಾಗಿ ಕಳಿಸಬಹುದಾದ ಸಂಬಳ ಸನ್ಸ್‌ನಲ್ಲಿ ಮೂರೇ. ಬುಕರ್, ಡುರಾಂಟ್, ಬೀಲ್. ಮೂರನೆಯದಕ್ಕೆ ಬೀಗ, ಕೀಲಿ ಬೀಲ್ ಕೈಯಲ್ಲಿ. ಬಟ್ಲರ್ ಗೋಲ್ಡನ್ ಸ್ಟೇಟ್ ತಂಡಕ್ಕೆ ಹೋದರು.

ನನ್ನ ಹಾಳೆಯಲ್ಲಿ ಈ ಷರತ್ತಿಗೆ ಡಾಲರ್ ಬೆಲೆ ಹಾಕಲು ಮೂರು ಸಲ ನೋಡಿದೆ. ಆಗಲಿಲ್ಲ. ಕೊನೆಗೆ ಆ ಕಾಲಂಗೆ "ಬಿಡಿಸಿಕೊಳ್ಳುವ ದಾರಿ" ಅಂತ ಹೆಸರಿಟ್ಟು, ಹೌದು ಅಥವಾ ಇಲ್ಲ ಅಂತಷ್ಟೇ ಬರೆದೆ. ಈಗ ಯಾವ ತಂಡದ ಕಾಂಟ್ರ್ಯಾಕ್ಟ್ ನೋಡಿದರೂ ಮೊದಲು ನೋಡುವುದು ಆ ಕಾಲಂ. ಇನ್ನೊಂದು ಬದಲಾವಣೆಯನ್ನೂ ಮಾಡಿದೆ. ಸಂಬಳವನ್ನು ಡಾಲರಿನಲ್ಲಿ ಬರೆಯುವುದು ಬಿಟ್ಟು ಮಿತಿಯ ಶೇಕಡಾವಾರಿನಲ್ಲಿ ಬರೆಯುತ್ತೇನೆ. 2025-26ಕ್ಕೆ ಮಿತಿ ಶೇ. 10 ಏರಿ 15.46 ಕೋಟಿಯಾಯ್ತು. ಹೊಸ ಟಿವಿ ಒಪ್ಪಂದವೇ 11 ವರ್ಷಕ್ಕೆ 7,600 ಕೋಟಿ ಡಾಲರ್. ಹೋದ ವರ್ಷದ 5 ಕೋಟಿ ಈ ವರ್ಷದ 5 ಕೋಟಿ ಅಲ್ಲ.

2025ರ ಜುಲೈನಲ್ಲಿ ಡುರಾಂಟ್ ಹ್ಯೂಸ್ಟನ್‌ಗೆ ಹೋದರು. ಅದೇ ತಿಂಗಳು ಬೀಲ್ ಜೊತೆ ಸನ್ಸ್ ಲೆಕ್ಕ ಚುಕ್ತಾ ಮಾಡಿಕೊಂಡಿತು. ಅವರಿಗೆ ಎರಡು ವರ್ಷಕ್ಕೆ ಬರಬೇಕಿದ್ದ ಸುಮಾರು 11.1 ಕೋಟಿಯಲ್ಲಿ 1.4 ಕೋಟಿಯಷ್ಟು ಬಿಟ್ಟುಕೊಟ್ಟರು. ಉಳಿದದ್ದನ್ನು ಐದು ಕಂತು ಮಾಡಿದರು. ವರ್ಷಕ್ಕೆ 1.94 ಕೋಟಿ, 2029-30ರವರೆಗೆ. ಬೀಲ್ ಲಾಸ್ ಏಂಜಲೀಸ್ ಕ್ಲಿಪ್ಪರ್ಸ್ ಸೇರಿದರು. ಅಲ್ಲಿ ಎರಡು ವರ್ಷಕ್ಕೆ ಸುಮಾರು 1.1 ಕೋಟಿ. ಲೀಗಿನ ಉಳಿದ ತಂಡಗಳು ಅವರ ಆಟಕ್ಕೆ ಎಷ್ಟು ಕೊಡಲು ತಯಾರಿದ್ದವು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಆಧಾರ ನನಗೆ ಸಿಕ್ಕಿಲ್ಲ. ನಾನು ಅರ್ಧ ಅಂದಿದ್ದೆ. ಅದೂ ಉದಾರವಾಗಿತ್ತು. ಇನ್ನೆಲ್ಲೋ ಆಡುವವರ ಹೆಸರಲ್ಲಿ ಸನ್ಸ್ ಹಾಳೆಯಲ್ಲಿ ಒಂದು ಸಾಲು ಇರುತ್ತದೆ. 2025-26ರ ಮಿತಿಯಲ್ಲಿ ಅದು ಶೇ. 12.5.

ಅದೇ ಜುಲೈನಲ್ಲಿ ಬುಕರ್ ಒಪ್ಪಂದವನ್ನು ಎರಡು ವರ್ಷಕ್ಕೆ ಮುಂದುವರಿಸಿದರು, ಸುಮಾರು 14.5 ಕೋಟಿಗೆ. ಅದೂ ಮುಗಿಯುವುದು 2029-30ಕ್ಕೇ. ವರ್ಷಕ್ಕೆ 7 ಕೋಟಿಗೂ ಮೇಲೆ ಅಂದಾಗ ಗೆಳೆಯರೆಲ್ಲ ಹುಬ್ಬೇರಿಸಿದರು. ಶೇಕಡಾವಾರಿನಲ್ಲಿ ನೋಡಿದರೆ ಅದು ಆ ಹೊತ್ತಿಗೆ ಏರಿರುವ ಮಿತಿಯ ಸುಮಾರು 35. ಒಳ್ಳೆಯ ಫಾರ್ಮಿನಲ್ಲಿರುವ ಬುಕರ್‌ಗೆ ಇದು ಜಾಸ್ತಿಯಲ್ಲ ಅನ್ನುವುದು ನನ್ನ ಅನಿಸಿಕೆ. ಆದರೆ ಅವರು ಹುಟ್ಟಿದ್ದು 1996ರ ಅಕ್ಟೋಬರ್‌ನಲ್ಲಿ. ಕೊನೆಯ ವರ್ಷಕ್ಕೆ 33 ತುಂಬಿರುತ್ತದೆ. ಅವರ ಸಾಲಿನಲ್ಲಿ ಆಡಿದ ಪಂದ್ಯಗಳ ಕಾಲಂ 2023-24ಕ್ಕೆ 68, 2024-25ಕ್ಕೆ 75 ಅಂತ ಇದೆ. ಪ್ರತಿ ಪಂದ್ಯ ಮುಗಿದ ರಾತ್ರಿ ಆ ಕಾಲಂ ತುಂಬಿಯೇ ಮಲಗುತ್ತೇನೆ.