ಬುಧವಾರ ಸಂಜೆ ನಾವು ಓದಿದ ಪುಸ್ತಕಗಳು

ನಮ್ಮ ಕ್ರೈಸ್ತ ಸಭೆಯ ಸ್ತ್ರೀಯರ ಕೂಟದಲ್ಲಿ ಬುಧವಾರ ಸಂಜೆ ಪುಸ್ತಕ ಓದಲು ಶುರು ಮಾಡಿ ಒಂಬತ್ತು ವರ್ಷವಾಯಿತು. ಧಾರವಾಡದ ಆಸುಪಾಸಿನ ಬೇರೆ ಸಭೆಯವರು ಸಿಕ್ಕಾಗಲೆಲ್ಲ, "ವಿಶ್ವಾಸದಾಗ ಬೆಳೀಲಿಕ್ಕೆ ಯಾವ ಪುಸ್ತಕ ಓದಬೇಕ್ರೀ ಟೀಚರ್?" ಎಂದು ಕೇಳುತ್ತಾರೆ. ನಾನು ಮೂವತ್ತು ವರ್ಷ ಕನ್ನಡ ಕಲಿಸಿದವಳು, ದೇವಶಾಸ್ತ್ರ ಓದಿದವಳಲ್ಲ. ಆದರೆ ನಮ್ಮ ಹೆಣ್ಣುಮಕ್ಕಳ ನಡುವೆ ಯಾವ ಪುಸ್ತಕ ಬೇರುಬಿಟ್ಟಿತು, ಯಾವುದು ಬಿಡಲಿಲ್ಲ ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ.

ಮೊದಲ ವರ್ಷ ನಾನೇ ಎಡವಿದೆ. ಬೈಬಲಿನಲ್ಲಿರುವ, ರೋಮಾಪುರದವರಿಗೆ ಬರೆದ ಪತ್ರದ ಮೇಲಿನ ದಪ್ಪ ವ್ಯಾಖ್ಯಾನವೊಂದನ್ನು ತಂದು, ವಾರಕ್ಕೆ ಹತ್ತು ಪುಟದಂತೆ ವಿವರಿಸತೊಡಗಿದೆ. ಹದಿನಾಲ್ಕು ಜನ ಬರುತ್ತಿದ್ದರು, ದಸರೆಯ ಹೊತ್ತಿಗೆ ಐದೇ ಮಂದಿ ಉಳಿದರು. ದಿನವಿಡೀ ದುಡಿದು ಬಂದವರಿಗೆ ನಾನು ಮತ್ತೊಂದು ತರಗತಿ ನಡೆಸಿದ್ದೆ.

ಆ ಪುಸ್ತಕ ಮುಚ್ಚಿಟ್ಟು ಬೈಬಲಿನಲ್ಲಿ ಯೇಸುವಿನ ಕಥೆ ಹೇಳುವ ಮಾರ್ಕನ ಸುವಾರ್ತೆ ತೆಗೆದೆವು. ಹದಿನಾರೇ ಅಧ್ಯಾಯ. ಎರಡು ಬುಧವಾರ, ಎಂಟೆಂಟು ಅಧ್ಯಾಯ, ಗಟ್ಟಿಯಾಗಿ ಓದುವುದಷ್ಟೇ, ವಿವರಣೆ ಇಲ್ಲ. ಮೊದಲ ಸಂಜೆ ಓದು ನಿಲ್ಲುವ ಎಂಟನೆಯ ಅಧ್ಯಾಯದಲ್ಲಿಯೇ, ನನ್ನನ್ನು ಯಾರೆನ್ನುತ್ತೀರಿ ಎಂದು ಯೇಸು ಶಿಷ್ಯರನ್ನು ಕೇಳುತ್ತಾನೆ. ಆ ಪ್ರಶ್ನೆಯನ್ನು ಕಟ್ಟಿಕೊಂಡೇ ಎಲ್ಲರೂ ಮನೆಗೆ ಹೋದರು. ಮಾರ್ಕನ ಬರಹದಲ್ಲಿ 'ಕೂಡಲೆ' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ, ಓಟದ ಕಥೆ ಅದು. ಓದು ಬಾರದ ಒಬ್ಬ ಅಜ್ಜಿ ನಲವತ್ತು ವರ್ಷದಿಂದ ಪಾದ್ರಿಗಳ ಪ್ರಸಂಗಗಳಲ್ಲಿ ತುಂಡು ತುಂಡಾಗಿ ಕೇಳಿದ್ದನ್ನು ಅಂದು ಒಂದೇ ಎಳೆಯಲ್ಲಿ ಕೇಳಿದರು. ಎರಡನೆಯ ಬುಧವಾರ ಓದು ಮುಗಿದಾಗ, "ಇಷ್ಟ ಲಗೂನ ಕೊಂದಬಿಟ್ರೇನ್ರೀ ಅವನ್ನ?" ಎಂದರು. ಯಾವ ಸಭೆಯವರು ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ. ಬೇರೆ ಪುಸ್ತಕ ಕೊಳ್ಳುವ ಮುಂಚೆ ಒಂದು ಸುವಾರ್ತೆಯನ್ನು ಇಡಿಯಾಗಿ ಕಿವಿಯಿಂದ ಓದಿರಿ.

ನಂತರ ಹಿಡಿದದ್ದು ಬ್ರದರ್ ಲಾರೆನ್ಸರ ಸಣ್ಣ ಪುಸ್ತಕ. ಹದಿನೇಳನೆಯ ಶತಮಾನದ ಫ್ರಾನ್ಸಿನವರು. ಸಿಪಾಯಿಯಾಗಿದ್ದು, ಗಾಯಗೊಂಡು, ಮುಂದೆ ಪ್ಯಾರಿಸಿನ ಕಾರ್ಮೆಲೈಟ್ ಸನ್ಯಾಸಿಗಳ ಮಠ ಸೇರಿ, ವರ್ಷಾನುಗಟ್ಟಲೆ ಅಲ್ಲಿನ ಅಡುಗೆಮನೆಯಲ್ಲಿ ದುಡಿದರು. ಅಡುಗೆ ಕೆಲಸ ಅವರಿಗೆ ಇಷ್ಟವೇ ಇರಲಿಲ್ಲ! ಅವರೇ ಕೂತು ಬರೆದ ಗ್ರಂಥವಲ್ಲ ಇದು. 1691ರಲ್ಲಿ ತೀರಿಕೊಂಡ ಮೇಲೆ ಅವರ ಪತ್ರಗಳನ್ನೂ ಅವರೊಡನೆ ಆಡಿದ ಮಾತುಗಳನ್ನೂ ಪಾದ್ರಿಯೊಬ್ಬರು ಕೂಡಿಸಿದ್ದು. ದೇವರ ಪ್ರೀತಿಗಾಗಿ ನೆಲದ ಮೇಲಿನ ಒಂದು ಹುಲ್ಲುಕಡ್ಡಿ ಎತ್ತಿದರೂ ಸಂತೋಷವೇ ಎನ್ನುವ ಮನುಷ್ಯ.

ನನ್ನ ಬಳಿ ಇದ್ದದ್ದು ಇಂಗ್ಲಿಷ್ ಪ್ರತಿ. ವಾರಕ್ಕೆ ಎರಡು ಪುಟ ನೋಟುಬುಕ್ಕಿನಲ್ಲಿ ಕನ್ನಡಕ್ಕಿಳಿಸಿ ಒಯ್ಯುತ್ತಿದ್ದೆ. ಪುಸ್ತಕದ ಹೆಸರನ್ನೇ ಮೊದಲು 'ದೇವಸಾನ್ನಿಧ್ಯದ ಅಭ್ಯಾಸ' ಎಂದು ಬರೆದಿದ್ದೆ. ಒಬ್ಬಾಕೆ, "ಅಭ್ಯಾಸ ಅಂದ್ರ ಪರೀಕ್ಷಾದ್ದು ಅನಿಸ್ತದ್ರೀ. ರೂಢಿ ಅನ್ರಿ" ಎಂದಳು. 'ದೇವರ ಸನ್ನಿಧಿಯ ರೂಢಿ' ಎಂದು ತಿದ್ದಿದೆ. ಅಂದಿನಿಂದ ಓದುವ ಮುಂಚೆ ಕಷ್ಟದ ನಾಲ್ಕು ಪದ ಅವರ ಮುಂದಿಟ್ಟು, ನೀವಾದರೆ ಏನನ್ನುತ್ತೀರಿ ಎಂದು ಕೇಳುವುದನ್ನು ಬಿಟ್ಟಿಲ್ಲ. ಅನುವಾದ ಸಿಗದಿದ್ದರೆ ಹೆದರಬೇಡಿರಿ. ಹೀಗೆ ಕೂಡಿ ಕನ್ನಡ ಮಾಡಿದ ಎರಡು ಪುಟ, ಅಚ್ಚಾದ ಇನ್ನೂರು ಪುಟಕ್ಕಿಂತ ಆಳಕ್ಕೆ ಇಳಿದದ್ದನ್ನು ನೋಡಿದ್ದೇನೆ.

ಕೂಟದಲ್ಲಿ ರೊಟ್ಟಿ ಬಡಿದು ಮಾರುವವಳೊಬ್ಬಳಿದ್ದಾಳೆ, ಹಬ್ಬದ ಹೊತ್ತಿನಲ್ಲಿ ದಿನಕ್ಕೆ ಇನ್ನೂರು ಜೋಳದ ರೊಟ್ಟಿ. ಲಾರೆನ್ಸರನ್ನು ಕೇಳಿದ ಮೇಲೆ ಅವಳು ಒಂದೊಂದು ರೊಟ್ಟಿಗೆ ಒಂದೊಂದು ಹೆಸರು ಹಿಡಿದು ಪ್ರಾರ್ಥಿಸತೊಡಗಿದಳು. ಮೊದಲು ಮನೆಯವರದು, ಓಣಿಯವರದು, ಆಮೇಲೆ ಸಾಲ ತೀರಿಸದವರದು. "ಮನಸ್ಸು ಎಲ್ಲೆಲ್ಲೋ ಓಡ್ತದ್ರೀ" ಎಂದು ನೊಂದುಕೊಂಡಳು. ಲಾರೆನ್ಸರಿಗೂ ಓಡುತ್ತಿತ್ತು. ಅದಕ್ಕೆ ಅವರು ಗೋಳಾಡುತ್ತಿರಲಿಲ್ಲ, ತಪ್ಪೊಪ್ಪಿಕೊಂಡು ತಿರುಗಿ ದೇವರ ಕಡೆ ಬರುತ್ತಿದ್ದರು. ಆ ಪುಟವನ್ನು ಅವಳಿಗಾಗಿ ಎರಡು ಸಲ ಓದಿದೆವು. ಇದು ಬಸವಣ್ಣನವರ ಕಾಯಕವೇ ಅಲ್ಲವೇ ಎಂದು ಇನ್ನೊಬ್ಬಾಕೆ ಕೇಳಿದಳು. ಆ ಮಾತಿನ ನಾಡಿನಲ್ಲಿ ಹುಟ್ಟಿದ್ದಕ್ಕೇ ಲಾರೆನ್ಸರ ಮಾತು ನಮಗೆ ಬೇಗ ಹತ್ತಿತು ಎಂದೇ ನನ್ನ ನಂಬಿಕೆ. ಆದರೆ ಲಾರೆನ್ಸರ ಒತ್ತು ಕೆಲಸದ ಮೇಲಿಗಿಂತ, ಕೆಲಸದ ನಡುವೆ ದೇವರೊಡನೆ ಬಿಡದೆ ಮಾತಾಡುವುದರ ಮೇಲಿದೆ.

ಸೇವೆಯ ವಿಷಯಕ್ಕೆ ನಾನು ಕೊಡುವುದು ಡೀಟ್ರಿಚ್ ಬಾನ್‌ಹಾಫರರ ಕೂಡುಬಾಳಿನ ಪುಸ್ತಕ. ಹಿಟ್ಲರನಿಗೆ ಮಣಿಯದ ಜರ್ಮನ್ ಸಭೆಯವರು ಫಿಂಕನ್‌ವಾಲ್ಡೆ ಎಂಬಲ್ಲಿ ಸಭಾಪಾಲಕರನ್ನು ತಯಾರು ಮಾಡುವ ಶಾಲೆ ನಡೆಸಿದ್ದರು, ಅದರ ಹೊಣೆ ಬಾನ್‌ಹಾಫರರದು. 1937ರಲ್ಲಿ ಹಿಟ್ಲರನ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಅದನ್ನು ಮುಚ್ಚಿಸಿತು. ಅಲ್ಲಿನ ಬಾಳುವೆಯಿಂದ ಹುಟ್ಟಿ 1939ರಲ್ಲಿ ಅಚ್ಚಾದ ಪುಸ್ತಕವಿದು. 1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೇರಿಸಿದರು. ನಮ್ಮಲ್ಲಿ 'ಸೇವೆಯಲ್ಲಿದ್ದಾರೆ' ಎಂದರೆ ಪ್ರಸಂಗ ಮಾಡುವವರು ಎಂದೇ ಅರ್ಥ. ಬಾನ್‌ಹಾಫರರು ಸೇವೆಗಳನ್ನು ಹೇಳುತ್ತ ಹೋಗುವಾಗ ನಾಲಿಗೆ ಹಿಡಿಯುವುದು ಮೊದಲು ಬರುತ್ತದೆ. ಕೇಳಿಸಿಕೊಳ್ಳುವುದು, ಸಣ್ಣಪುಟ್ಟ ಕೆಲಸಕ್ಕೆ ಒದಗುವುದು, ಒಬ್ಬರನ್ನೊಬ್ಬರು ಹೊರುವುದು ಎಲ್ಲ ಆದ ಮೇಲೆ ವಾಕ್ಯ ಸಾರುವ ಮಾತು.

ಎದುರಿಗಿಲ್ಲದವರ ಬಗ್ಗೆ ಮಾತಾಡಬಾರದೆಂಬ ನಿಯಮ ಆ ಶಾಲೆಯಲ್ಲಿತ್ತು. ಒಂದು ಬುಧವಾರದಿಂದ ಮುಂದಿನ ಬುಧವಾರದವರೆಗೆ ನಾವೂ ಅದನ್ನು ಪಾಲಿಸೋಣವೆಂದೆವು. ಆ ಸಂಜೆ ಕೂಟ ಬಿಟ್ಟು ಮನೆಗೆ ನಡೆಯುವಾಗ ದಾರಿಯುದ್ದಕ್ಕೂ ಮೌನ. ನನಗೇ ಗಾಬರಿಯಾಯಿತು, ಇಷ್ಟು ವರ್ಷ ನಮ್ಮ ಗೆಳೆತನ ಯಾವುದರ ಮೇಲೆ ನಿಂತಿತ್ತು ಎಂದು. ಮೂರನೆಯ ದಿನಕ್ಕೆ ನಾನೇ ನಿಯಮ ಮುರಿದೆ, ಮುಂದಿನ ವಾರ ಎಲ್ಲರ ಮುಂದೆ ಒಪ್ಪಿಕೊಂಡೆ.

ಆ ಪುಸ್ತಕದಿಂದಲೇ ಬೈಬಲಿನ ಕೀರ್ತನೆಗಳನ್ನು ಓದುವ ಕ್ರಮವೂ ಕಲಿತೆವು. ಇವತ್ತಿನ ಕೀರ್ತನೆ ನನ್ನ ಮನಸ್ಸಿಗೆ ಹೊಂದದಿದ್ದರೂ ಅದು ಇನ್ನೊಬ್ಬರ ಪ್ರಾರ್ಥನೆ ಆಗಿರಬಹುದು, ಅವರಿಗಾಗಿ ಓದಬೇಕು. ಗಂಡನನ್ನು ಕಳೆದುಕೊಂಡ ಒಬ್ಬಾಕೆ ಮೂರು ತಿಂಗಳು ಬಂದು ಸುಮ್ಮನೆ ಕೂತು ಹೋಗುತ್ತಿದ್ದಳು. ಸರದಿಯಂತೆ ಒಂದು ದಿನ 88ನೆಯ ಕೀರ್ತನೆ ಬಂತು. ಅದು ಕತ್ತಲೆಯಲ್ಲಿಯೇ ಮುಗಿಯುತ್ತದೆ, ಕೊನೆಗೊಂದು ಸಮಾಧಾನದ ಸಾಲೂ ಇಲ್ಲ. ಬಿಟ್ಟು ಮುಂದಿನದನ್ನು ಓದೋಣವೇ ಎನಿಸಿತು, ಬಿಡಲಿಲ್ಲ. ಮುಗಿದ ಮೇಲೆ ಆಕೆ, "ಇದನ್ನ ಇನ್ನೊಮ್ಮೆ ಓದ್ರಿ" ಎಂದಳು. ಯಾರೂ ಸಂತೈಸಲು ಹೋಗಲಿಲ್ಲ. ಓದಿದೆವು, ಆಕೆ ಅತ್ತಳು, ನಾವು ಜೊತೆಗೆ ಕೂತೆವು.

ಪ್ರಾಚೀನ ಕಾಲದ ಬಿಷಪ್ ಅಗಸ್ಟೀನನ ಆತ್ಮನಿವೇದನೆಯನ್ನು ಮೊದಲಿಂದ ಹಿಡಿದರೆ ಹಲವರು ನಡುವೆ ಬಿಡುತ್ತಾರೆ. ನಾವು ಹದಿಮೂರು ಭಾಗಗಳಲ್ಲಿ ಒಂಬತ್ತನೆಯದನ್ನು ಮಾತ್ರ ಓದಿದೆವು, ಮಗನಿಗಾಗಿ ಅತ್ತ ತಾಯಿ ಮೋನಿಕಾಳ ಮರಣ ಬರುವುದು ಅಲ್ಲಿ. ಮಕ್ಕಳಿಗಾಗಿ ಕಣ್ಣೀರಿಡುವ ತಾಯಂದಿರಿಗೆ ಅಷ್ಟು ಸಾಕಾಯಿತು.

ಪಂಡಿತಾ ರಮಾಬಾಯಿಯವರು ತಮ್ಮ ವಿಶ್ವಾಸದ ಬಗ್ಗೆ ಬರೆದ ಸಾಕ್ಷಿಯನ್ನು ಮಾತ್ರ ಯಾರೂ ಬಿಡಬಾರದು. 1858ರಲ್ಲಿ ನಮ್ಮದೇ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು. ಹೆಣ್ಣಿಗೆ ಸಂಸ್ಕೃತ ಕಲಿಸಬಾರದೆಂಬ ಕಾಲದಲ್ಲಿ ತಂದೆಯು ತಾಯಿಗೆ ಕಲಿಸಿದರು, ತಾಯಿ ಮಗಳಿಗೆ. ಬರದಲ್ಲಿ ತಂದೆತಾಯಿಯನ್ನು ಕಳೆದುಕೊಂಡವರು, ಮುಂದೆ ಬರಗಾಲದ ನೂರಾರು ಹೆಣ್ಣುಮಕ್ಕಳಿಗೆ ಪುಣೆ ಬಳಿಯ ಕೇಡಗಾಂವದ ಮುಕ್ತಿ ಎಂಬ ಆಶ್ರಮದಲ್ಲಿ ಮನೆ ಮಾಡಿದರು, ಹೀಬ್ರೂ ಗ್ರೀಕ್ ಕಲಿತು ಬೈಬಲನ್ನು ಮರಾಠಿಗೆ ತಂದರು. ದೀಕ್ಷಾಸ್ನಾನವಾಗಿ ಎಷ್ಟೋ ವರ್ಷ ತನಗೆ ಕ್ರೈಸ್ತಧರ್ಮ ಸಿಕ್ಕಿತ್ತು, ಕ್ರಿಸ್ತನು ಸಿಕ್ಕಿರಲಿಲ್ಲ ಎಂದು ಅವರು ಒಪ್ಪಿಕೊಳ್ಳುತ್ತಾರೆ. ನಾಲ್ಕು ತಲೆಮಾರಿನ ಕ್ರೈಸ್ತ ಮನೆಯಲ್ಲಿ ಹುಟ್ಟಿದ ನಾನು ಆ ಮಾತನ್ನು ಓದಿ ಮುಂದಕ್ಕೆ ಹೋಗಲಾರದೆ ಪುಸ್ತಕವನ್ನು ಪಕ್ಕದವಳ ಕೈಗೆ ಕೊಟ್ಟೆ. ಅವಳು ಅಲ್ಲಿಂದ ಓದಿದಳು.

ನಂಬಿದರೆ ಹಣ ಬರುತ್ತದೆ, ರೋಗ ಹೋಗುತ್ತದೆ ಎನ್ನುವ ಪುಸ್ತಕಗಳನ್ನೂ ಕೆಲವರು ತಂದುಕೊಟ್ಟಿದ್ದಾರೆ. ಅವನ್ನು ಕೂಟದಲ್ಲಿ ಓದಿಲ್ಲ, ಓದುವುದೂ ಇಲ್ಲ. 88ನೆಯ ಕೀರ್ತನೆಯ ಆಕೆಯ ಎದುರು ಓದಲಾರದ್ದು ನಮಗೆ ಬೇಡ.

ಈಸ್ಟರಿಗೆ ಮುಂಚಿನ ಈ ಶ್ರಮಕಾಲಕ್ಕೆ ಮತ್ತೆ ಮಾರ್ಕನನ್ನು ತೆಗೆಯುತ್ತಿದ್ದೇವೆ. ಹೊಸದಾಗಿ ನಾಲ್ವರು ಸೇರಿದ್ದಾರೆ, ಅವರು ಅದನ್ನು ಇಡಿಯಾಗಿ ಕೇಳಿಲ್ಲ.