ಹೆಸರು ಬಿಟ್ಟು ಜಮೀನು ಹಿಡಿದೆ: ರೊಂದಾ ಕಣಿವೆಯ ರೈತರು, ಬುಚರ್‌ಗಳು ಸಿಕ್ಕಿದ್ದು ಹೀಗೆ

ನಮ್ಮೆಜಮಾನ್ರ ಮನೆತನದವರು ವೇಲ್ಸ್‌ನ ರೊಂದಾ ಕಣಿವೇಲಿ ರೈತರು, ಬುಚರ್‌ಗಳು (ಮಾಂಸದ ಅಂಗಡಿಯವರು), ಸರ್‌ನೇಮ್ ಡೇವಿಸ್. ಅಲ್ಲಿ ಆ ಸರ್‌ನೇಮ್ ಇಟ್ಕೊಂಡು 1840ಕ್ಕಿಂತ ಹಿಂದಕ್ಕೆ ಹೋಗೋಕಾಗಲ್ಲ, ಸುಮ್ನೆ ದುಡ್ಡು ದಂಡ ಅಂತ ನಮ್ಮೆಜಮಾನ್ರ ಚಿಕ್ಕಪ್ಪನಿಂದ ಹಿಡಿದು ಇಲ್ಲಿ ಕಾರ್ಡಿಫಲ್ಲಿ ವರ್ಷಾನುಗಟ್ಟಲೆ ವಂಶವೃಕ್ಷ ಹುಡುಕಿರೋ ಹಳಬರ ತನಕ ಎಲ್ರೂ ಹೇಳಿದ್ರು. ಹೋಗಿದೀನಿ. ಹೆಚ್ಚುಕಮ್ಮಿ 1770ರ ತನಕ ಹೋಗಿದೀನಿ, ಪ್ರತಿಯೊಂದು ಕೊಂಡಿಗೂ ಕಾಗದ ಇದೆ.

ಮೊದಲು ದುಡ್ಡಿನ ಕಥೆ ಹೇಳ್ಬಿಡ್ತೀನಿ. ಆಗ ಒಂದು ಜನನ ಸರ್ಟಿಫಿಕೇಟಿಗೆ 11 ಪೌಂಡು. ಹೆಸರು, ವಯಸ್ಸು ಹೊಂದುತ್ತೆ ಅಂತ ತರಿಸೋದು, ಬಂದಾಗ ನೋಡಿದ್ರೆ ಅಪ್ಪನ ಕಸುಬು ಗಣಿ ಕೆಲಸ, ಇಲ್ಲಾ ತಾಯಿ ಬೇರೆ. ಹೀಗೇ ಒಂದು ಮುನ್ನೂರು ಪೌಂಡಾದ್ರೂ ಹೋಗಿದೆ. 2016ರಲ್ಲಿ ಬಂದ ಸರ್ಕಾರದ ಹೊಸ ಜನನ ಇಂಡೆಕ್ಸಲ್ಲಿ 1837ರಿಂದಲೇ ತಾಯಿಯ ತವರಿನ ಸರ್‌ನೇಮ್ ಇದೆಯಲ್ಲ, ಬೇರೆ ಕಡೆಯವರಿಗೆ ಅದು ವರ, ಆದ್ರೆ ಗಂಡನೂ ಡೇವಿಸ್ ಹೆಂಡ್ತಿ ತವರೂ ಡೇವಿಸ್ ಆದಾಗ ಏನು ಮಾಡ್ತೀರ? ಅದಕ್ಕೂ ಹಿಂದೆ ಹೋದ್ರೆ ಇನ್ನೂ ಕಷ್ಟ, ಗುಡ್ಡದ ಮೇಲಿನವರು ಅಪ್ಪನ ಹೆಸರನ್ನೇ ಮಗನಿಗೆ ಸರ್‌ನೇಮ್ ಮಾಡ್ತಿದ್ರು, ತಲೆಮಾರಿಗೊಂದು ಸಲ ಅದೇ ಬದಲಾಗುತ್ತೆ. ಅಧಿಕೃತ ಚರ್ಚ್ ಬಿಟ್ಟು ಬೇರೆ ಪಂಥದ ಚಾಪೆಲ್‌ಗೆ ಹೋಗೋ ಕುಟುಂಬ ಆದ್ರೆ ಚರ್ಚಿನ ಪ್ಯಾರಿಷ್ ರಿಜಿಸ್ಟರಲ್ಲಿ ಎಷ್ಟೋ ಸಲ ಬ್ಯಾಪ್ಟಿಸಮ್ಮೂ ಇರಲ್ಲ.

ನಮ್ಮೂರಲ್ಲಿ ಜಮೀನಿನ ತಕರಾರು ಬಂದ್ರೆ ಯಾರಾದ್ರೂ ಹೆಸರು ಹಿಡಿದು ಹುಡುಕ್ತಾರಾ? ಸರ್ವೆ ನಂಬರ್ ಹಿಡಿದು ಹೋಗ್ತಾರೆ, ಪಹಣೀಲಿ ಯಾರ್ಯಾರು ಬಂದು ಹೋದ್ರು ಅಂತ ತಾನೇ ಗೊತ್ತಾಗುತ್ತೆ. ನಾನೂ ಅದನ್ನೇ ಮಾಡಿದೆ. ಡೇವಿಸ್‌ನ ಕೈಬಿಟ್ಟು ಫಾರ್ಮ್ ಹಿಡಿದೆ. ಅತ್ತೆ ಹತ್ರ ಒಂದು ಫಾರ್ಮಿನ ಹೆಸರಿತ್ತು ಅಷ್ಟೇ, ಅದೂ ಅರ್ಧಂಬರ್ಧ.

1840ರ ಆಸುಪಾಸಿನ ಟೈದ್ ಮ್ಯಾಪ್‌ಗಳನ್ನ, ಅಂದ್ರೆ ಚರ್ಚಿಗೆ ಕೊಡೋ ತೆರಿಗೆ ಲೆಕ್ಕಕ್ಕೆ ಮಾಡಿದ ಜಮೀನಿನ ನಕ್ಷೆ, ಪಟ್ಟಿಗಳನ್ನ, ಅಬೆರಿಸ್ಟ್ವಿತ್‌ನ ವೇಲ್ಸ್ ನ್ಯಾಷನಲ್ ಲೈಬ್ರರಿ ಆನ್‌ಲೈನಲ್ಲಿ ಪುಕ್ಕಟೆ ಹಾಕಿದೆ. ಅದರಲ್ಲಿ ಎಲ್ರೂ ಗೇಣಿದಾರನ ಹೆಸರು ಹುಡುಕ್ತಾರೆ. ನಾನು ನಮ್ಮ ಫಾರ್ಮಿನ ಜೊತೆ ಸುತ್ತಲಿನ ನಾಲ್ಕೈದು ಫಾರ್ಮಿಗೂ ಮಾಲೀಕ, ಗೇಣಿದಾರ, ಎಕರೆ ಬರ್ಕೊಂಡೆ. 1851ರಿಂದ ಸೆನ್ಸಸಲ್ಲಿ ರೈತನ ಮುಂದೆ ಇಷ್ಟು ಎಕರೆ ಅಂತ ಬರೀತಿದ್ರಲ್ಲ, ನಮ್ಮದು ಎಪ್ಪತ್ತು ಚಿಲ್ಲರೆ ಎಕರೆ ಅಂತ ನೆನಪು, ಹೆಸರಿನ ಸ್ಪೆಲಿಂಗ್ ಏನೇ ಆಗಿರ್ಲಿ ಆ ಎಕರೆ ಮಾತ್ರ ಅಲ್ಲೇ ಕೂತಿತ್ತು. ಅಲ್ಲಿಂದ ಹಿಂದಕ್ಕೆ 1858ಕ್ಕೆ ಮುಂಚಿನ ವಿಲ್‌ಗಳು, ಅವೂ ಅದೇ ಲೈಬ್ರರೀಲಿ ಪುಕ್ಕಟೆ. ಒಂದರಲ್ಲಿ ಹಸು, ಕುರಿ, ಕುದುರೆಗೆಲ್ಲ ಬೆಲೆ ಕಟ್ಟಿದ ಪಟ್ಟಿ ಇತ್ತು, ಜೊತೆಗೆ ಗೇಣಿ ಹಕ್ಕು ಯಾವ ಮಗನಿಗೆ ಅಂತಾನೂ. ಆ ಮಗನ ಸರ್‌ನೇಮ್ ಅಪ್ಪನದ್ದಲ್ಲ! ಹೆಸರಿನ ಬೆನ್ನು ಹತ್ತಿದ್ದಿದ್ರೆ ಈ ವಿಲ್ ಈ ಜನ್ಮದಲ್ಲಿ ಕಣ್ಣಿಗೆ ಬೀಳ್ತಿರ್ಲಿಲ್ಲ.

ರೈತರು ಬುಚರ್ ಆಗಿದ್ದು ಯಾಕೆ ಅನ್ನೋದಕ್ಕೆ ಕಣಿವೆ ಇತಿಹಾಸವೇ ಉತ್ತರ. 1851ರಲ್ಲಿ ರೊಂದಾದಲ್ಲಿ ಇದ್ದಿದ್ದೇ ಒಂದೆರಡು ಸಾವಿರ ಜನ, 1911ಕ್ಕೆ ಒಂದೂವರೆ ಲಕ್ಷ ದಾಟಿದ್ರು. ಇಲ್ಲಿನ ದೊಡ್ಡ ಜಮೀನ್ದಾರರಾದ ಬ್ಯೂಟ್ ಎಸ್ಟೇಟಿನವರು 1845ರಲ್ಲಿ ಕುಮ್‌ಸೈರ್‌ಬ್ರೆನ್ ಫಾರ್ಮ್ ಕೊಂಡು ಅಲ್ಲೇ ಗಣಿ ತೋಡಿದ್ರು, 1855ಕ್ಕೆ ಕಲ್ಲಿದ್ದಲು ಕಾರ್ಡಿಫ್‌ಗೆ ಹೊರಟಿತು. ಗಣಿಯವರಿಗೆ ಮಾಂಸ ಬೇಕು, ಮೇಲೆ ಗುಡ್ಡದಲ್ಲಿ ಕುರಿ ಇದೆ. ದೊಡ್ಡ ಮಗ ಫಾರ್ಮಲ್ಲಿ ಉಳ್ಕೊಂಡ, ಎರಡನೆಯವನು ಕೆಳಗೆ ಬೀದೀಲಿ ಅಂಗಡಿ ಇಟ್ಟ, ಅಂಗಡಿ ಹಿಂದೇನೇ ಕಡಿಯೋ ಜಾಗ.

ಆದ್ರೆ ಆ ಬುಚರ್ ಇದೇ ಫಾರ್ಮಿನ ಮಗ ಅಂತ ಸಾಬೀತು ಮಾಡೋದು ಹೇಗೆ? ಇಲ್ಲೇ ನಾನು ಒಂದು ವರ್ಷ ಸಿಕ್ಕಾಕೊಂಡಿದ್ದು. ವ್ಯಾಪಾರಿಗಳ ವಿಳಾಸ ಕೊಡೋ ಹಳೇ ಕೆಲ್ಲಿ ಡೈರೆಕ್ಟರಿ ನೋಡಿದೆ, ಬರೀ ಹೆಸರು ಬೀದಿ ಅಷ್ಟೇ. ಮದುವೆ ಸರ್ಟಿಫಿಕೇಟಲ್ಲಿ ಅಪ್ಪ 'ಫಾರ್ಮರ್', ಯಾವ ಫಾರ್ಮ್ ಅಂತಿಲ್ಲ. ಕೊನೆಗೆ ಸಿಕ್ಕಿದ್ದು ಸರ್ಕಾರಿ ನೋಟೀಸುಗಳ ಪತ್ರಿಕೆ ಲಂಡನ್ ಗೆಜೆಟಲ್ಲಿ. ದಿವಾಳಿಯಾದವರ ನೋಟೀಸಲ್ಲಿ ಈಗಿನ ವಿಳಾಸದ ಜೊತೆ ಎಷ್ಟೋ ಸಲ ಹಿಂದಿನ ವಿಳಾಸ, ಹಿಂದಿನ ಕಸುಬೂ ಹಾಕ್ತಾರೆ. ಬುಚರ್, ಮುಂಚೆ ಇಂಥ ಫಾರ್ಮಲ್ಲಿ ರೈತ ಅಂತ ಸಾಲಿಟ್ಟಿತ್ತು. ಪುಕ್ಕಟೆ! ದಿವಾಳಿ ವಿಷಯ ಮನೇಲಿ ಯಾರಿಗೂ ಗೊತ್ತಿರ್ಲಿಲ್ಲ, ಅತ್ತೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಗಣಿ ಮುಷ್ಕರ ಬಂದಾಗೆಲ್ಲ ಸಾಲ ಕೊಟ್ಟೂ ಕೊಟ್ಟೂ ಅಂಗಡಿಯವರು ಮುಳುಗ್ತಿದ್ದಿದ್ದು ತಾವೂ ಕೇಳಿದೀವಿ ಅಂದ್ರು.

ಗೆಜೆಟಲ್ಲಿ ಹುಡುಕೋವಾಗ ನಾನು ಯಾವ ಪದ ಹಾಕ್ತೀನಿ ಅನ್ನೋದು ಇಲ್ಲಿ ಬರೆಯಲ್ಲ, ಅದಕ್ಕೆ ನಾನು ಪಟ್ಟ ಪಾಡು ನನಗೇ ಗೊತ್ತು.

ಮಧ್ಯೆ ಡಿಎನ್‌ಎ ಟೆಸ್ಟೂ ಮಾಡಿಸಿದ್ವಿ, ಎಂಬತ್ತು ಪೌಂಡಿನ ಹತ್ರ. ಸಾವಿರಾರು ಮ್ಯಾಚು, ಅರ್ಧಕ್ಕರ್ಧ ಡೇವಿಸ್, ಇವಾನ್ಸ್, ಥಾಮಸ್. ಈ ಕೆಲಸಕ್ಕೆ ಅದು ಬೇಡವೇ ಬೇಡ. ಅದಕ್ಕಿಂತ ಚೆನ್ನಾಗಿ ಕೈ ಹಿಡಿದಿದ್ದು ಕುರಿ ಕಿವಿ. ಗುಡ್ಡದ ಕುರಿಗಳಿಗೆ ಕಿವಿ ಕತ್ತರಿಸಿ ಗುರುತು ಮಾಡ್ತಾರೆ, ಆ ಗುರುತು ಮನುಷ್ಯನದ್ದಲ್ಲ, ಫಾರ್ಮಿನದ್ದು, ಗೇಣಿದಾರ ಬದಲಾದ್ರೂ ಗುರುತು ಅದೇ. ಹಳೇ ಪೇಪರಲ್ಲಿ ಕಳೆದುಹೋದ ಕುರಿ ಜಾಹೀರಾತು ನೋಡಿ, ಗುರುತು ಬರೆದಿರ್ತಾರೆ. ವೆಲ್ಶ್ ನ್ಯೂಸ್‌ಪೇಪರ್ಸ್ ಆನ್‌ಲೈನಲ್ಲಿ ಹತ್ತು ಲಕ್ಷಕ್ಕೂ ಮೇಲೆ ಪುಟ ಇದೆ, ವೆಲ್ಶ್ ಭಾಷೆ ಪುಟಗಳನ್ನ ಬಿಡ್ಬೇಡಿ, 'ಕಿಗಿದ್' (cigydd) ಅಂದ್ರೆ ಬುಚರ್, ಆ ಒಂದು ಪದ ಸಾಕು ಶುರು ಮಾಡೋಕೆ.

1940ರಲ್ಲಿ ಮಾಂಸದ ರೇಷನ್ ಬಂದ ವರ್ಷವೇ ಪ್ರಾಣಿ ಕಡಿಯೋದು ಸರ್ಕಾರದ ಕೈಗೆ ಹೋಯ್ತು, ಅಂಗಡಿ ಹಿಂದಿನ ಜಾಗ ಮುಚ್ಚಿತು. ಅದಕ್ಕೂ ಹಿಂದಿನ ಕಸಾಯಿಖಾನೆ ಲೈಸೆನ್ಸ್ ಕಾಗದಗಳಿಗೆ ಗ್ಲಾಮಾರ್ಗನ್ ಆರ್ಕೈವ್ಸಲ್ಲಿ ಕೂತು ಕೌನ್ಸಿಲ್ ದಾಖಲೆ ತಿರುವ್ತಿದೀನಿ. ಸಿಕ್ಕಿದ್ರೆ ಮೂರನೇ ಮಗನ ಅಂಗಡೀದೂ ಬರೀತೀನಿ. ಚಿಕ್ಕಪ್ಪನಿಗೆ ವಿಲ್‌ನ ಕಾಪಿ ಪ್ರಿಂಟ್ ತೆಗೆದು ಕೊಟ್ಟಾಗಿದೆ.