ಎಕ್ಸ್‌ಪಿಯ ಕೇಬಲ್ ಕಿತ್ತ ಮೇಲೆ

ನಮ್ಮದು ಮದುವೆಯ ಆಮಂತ್ರಣ, ಬಿಲ್ ಪುಸ್ತಕ, ಜಾತ್ರೆಯ ಕರಪತ್ರ ಅಚ್ಚು ಹಾಕುವ ಸಣ್ಣ ಪ್ರೆಸ್. 2014ರ ಏಪ್ರಿಲ್ 8ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ ಎಕ್ಸ್‌ಪಿಗೆ ಭದ್ರತಾ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿ ಅದನ್ನು ಕೈಬಿಟ್ಟಿತು; ನಾನು ಬಿಡಲಿಲ್ಲ. ಪುಟ ಜೋಡಿಸುವ ಪೇಜ್‌ಮೇಕರ್ ತಂತ್ರಾಂಶ ಅದರಲ್ಲಿ ಪಳಗಿಹೋಗಿತ್ತು. ಹತ್ತು ವರ್ಷದ ಫೈಲುಗಳೆಲ್ಲ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ‘ಶ್ರೀ ಗಣೇಶ ಪ್ರಸನ್ನ’ ಎಂಬಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತಿತ್ತು. ಓಡುತ್ತಿರುವ ಯಂತ್ರಕ್ಕೆ ಕೈ ಹಾಕುವುದೇಕೆ ಎಂದು ಸುಮ್ಮನಿದ್ದೆ.

2017ರ ಮೇ 12, ಶುಕ್ರವಾರ. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ವೈರಸ್‌ನ ಸುದ್ದಿ ಬಂತು. ಯಾರೂ ಏನನ್ನೂ ಒತ್ತದಿದ್ದರೂ ಅದು ಫೈಲ್ ಹಂಚಿಕೆಯ ದಾರಿ ಹಿಡಿದು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ದಾಟುತ್ತಿತ್ತು. ಬೆಂಬಲವಿದ್ದ ಆವೃತ್ತಿಗಳಿಗೆ ಮಾರ್ಚ್‌ನಲ್ಲೇ ಆ ತೂತು ಮುಚ್ಚುವ ತೇಪೆ (ಅಪ್‌ಡೇಟ್) ಬಂದಿತ್ತು, ಎಕ್ಸ್‌ಪಿಗೆ ಸಿಕ್ಕಿದ್ದು ಊರೆಲ್ಲ ಹತ್ತಿ ಉರಿದ ಮೇಲೆ. ನನಗೆ ಅದಕ್ಕಿಂತ ಹೆಚ್ಚು ಕೊರೆದದ್ದು ಬೇರೆ. ಹೊಸ ಆವೃತ್ತಿಗೆ ಹಾಕಿದ ತೇಪೆಯನ್ನು ಬಿಚ್ಚಿ ನೋಡಿದವನಿಗೆ ತೂತು ಎಲ್ಲಿತ್ತೆಂದು ತಿಳಿದುಬಿಡುತ್ತದೆ, ಅದೇ ತೂತು ಹಳೆಯದರಲ್ಲೂ ಇದ್ದರೆ ಮುಚ್ಚುವವರೇ ಇಲ್ಲ. ಅಂದರೆ ನಾನು ಏನೂ ಮಾಡದೆ ಕುಳಿತಿದ್ದರೂ ನನ್ನ ಯಂತ್ರ ತಿಂಗಳಿಂದ ತಿಂಗಳಿಗೆ ಸಡಿಲವಾಗುತ್ತಿತ್ತು. ಎದ್ದು ನೋಡಿದರೆ ‘ಕೆಲಸ’ ಎಂಬ ಫೋಲ್ಡರನ್ನು ಎಲ್ಲರಿಗೂ ತೆರೆದಿಟ್ಟಿದ್ದೆ, ಪಾಸ್‌ವರ್ಡ್ ಕೂಡ ಇಲ್ಲದೆ. ಅಂದೇ ಎಕ್ಸ್‌ಪಿಯ ನೆಟ್‌ವರ್ಕ್ ಕೇಬಲ್ ಕಿತ್ತೆ.

ಅಷ್ಟಕ್ಕೇ ಮುಗಿಯಿತೆಂದುಕೊಂಡದ್ದು ನನ್ನ ದಡ್ಡತನ. ಮರುವರ್ಷ ಪ್ರಶ್ನೆಪತ್ರಿಕೆ ಅಚ್ಚು ಹಾಕಿಸಲು ಬಂದ ಶಿಕ್ಷಕಿಯೊಬ್ಬರು ಎರಡೇ ದಿನದಲ್ಲಿ ವಾಪಸು ಬಂದರು. “ಸರ್, ನಿಮ್ಮಲ್ಲಿ ಹಾಕಿ ತೆಗೆದ ಮೇಲೆ ಪೆನ್‌ಡ್ರೈವ್‌ನಲ್ಲಿ ಏನೂ ಇಲ್ಲ” ಎಂದರು. ತೆರೆದರೆ ಪೆನ್‌ಡ್ರೈವ್‌ನದೇ ಹೆಸರಿನ ಒಂದೇ ಒಂದು ಶಾರ್ಟ್‌ಕಟ್, ಮೂಲೆಯಲ್ಲಿ ಪುಟ್ಟ ಬಾಣದ ಗುರುತು. ಫೈಲುಗಳು ಅಳಿಸಿಹೋಗಿರಲಿಲ್ಲ, ವೈರಸ್ ಅವನ್ನು ಅಡಗಿಸಿತ್ತು. ಅವರ ಕಣ್ಣೆದುರೇ ಕಮಾಂಡ್ ಕೊಟ್ಟು ಹೊರತೆಗೆದೆ. ಆದರೆ ಅವರು ಅದನ್ನು ಶಾಲೆಯ ಕಂಪ್ಯೂಟರಿಗೂ ಚುಚ್ಚಿಯಾಗಿತ್ತು. ನನ್ನ ಆ್ಯಂಟಿವೈರಸ್ ಎಕ್ಸ್‌ಪಿಗೆ ಅಪ್‌ಡೇಟ್ ಕೊಡುವುದನ್ನು ಎಂದೋ ನಿಲ್ಲಿಸಿತ್ತು. ಮೂಲೆಯ ಹಸಿರು ಗುರುತು ಮಾತ್ರ ಹಾಗೆಯೇ ಇತ್ತು. ಎಷ್ಟು ಜನರ ಪೆನ್‌ಡ್ರೈವ್‌ಗೆ ನಮ್ಮ ಅಂಗಡಿಯಿಂದ ಅಂಟು ಹೋಗಿತ್ತೋ! ಆ ದಿನ ಅವರಿಂದ ಹಣ ತೆಗೆದುಕೊಳ್ಳಲು ಕೈ ಬರಲಿಲ್ಲ.

ಆ ವಾರವೇ ವಿಂಡೋಸ್ 10 ಇದ್ದ ಒಂದು ಕಂಪ್ಯೂಟರ್ ತಂದೆ. ಗಿರಾಕಿಗಳ ಪೆನ್‌ಡ್ರೈವ್, ಇಂಟರ್ನೆಟ್, ಇಮೇಲ್ ಎಲ್ಲ ಅದಕ್ಕೇ. ಎಕ್ಸ್‌ಪಿಗೆ ಫೋಟೋ, ಪಠ್ಯ ಹೋಗಬೇಕಾದರೆ ಹೊಸದರಲ್ಲಿ ತಪಾಸಣೆ ಮಾಡಿ ಸಿ.ಡಿ. ಬರೆದು ಕೊಡುತ್ತೇನೆ. ನಮ್ಮ ಹುಡುಗ ನಗುತ್ತಾನೆ, ನಗಲಿ. ಬರೆದು ಮುಗಿಸಿದ ಸಿ.ಡಿ.ಗೆ ಎಕ್ಸ್‌ಪಿಯ ವೈರಸ್ ಹತ್ತಿಕೊಳ್ಳಲಾರದು. ಹೊರಗೆ ಬರುವುದು ಪಿ.ಡಿ.ಎಫ್. ಮಾತ್ರ, ಅಂಗಡಿಯದೇ ಕೆಂಪು ಪೆನ್‌ಡ್ರೈವ್‌ನಲ್ಲಿ, ಪಿ.ಡಿ.ಎಫ್. ತೆಗೆದುಕೊಂಡ ಕೂಡಲೇ ಅದನ್ನು ಹೊಸದರಲ್ಲಿ ಫಾರ್ಮ್ಯಾಟ್ ಮಾಡುತ್ತೇನೆ. ಹಳೆಯ ಫೈಲುಗಳ ಪ್ರತಿ ಎರಡು ಹಾರ್ಡ್‌ಡಿಸ್ಕ್‌ಗಳಲ್ಲಿದೆ, ಒಂದು ಮನೆಯಲ್ಲಿ. ಅವನ್ನು ಎಲ್ಲ ಕಂಪ್ಯೂಟರುಗಳೂ ಓದಬಲ್ಲ ಯೂನಿಕೋಡ್ ಲಿಪಿಸಂಕೇತಕ್ಕೆ ಬದಲಿಸುವ ಕೆಲಸ ಇನ್ನೂ ನಡೆದಿದೆ. ಬದಲಿಸಿದ ಮೇಲೆ ಅರ್ಕಾವತ್ತುಗಳನ್ನು ಒಂದೊಂದಾಗಿ ಕಣ್ಣಿಟ್ಟು ನೋಡಬೇಕು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸರದಿಯೂ ಬಂತು. ಪ್ರೊಸೆಸರ್ ಹಳೆಯದೆಂದು ವಿಂಡೋಸ್ 11 ನಮ್ಮ ಯಂತ್ರವನ್ನು ಒಪ್ಪಲಿಲ್ಲ. ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ನೋಂದಾಯಿಸಿ ಸದ್ಯಕ್ಕೆ ಒಂದು ವರ್ಷ ದೂಡಿದ್ದೇನೆ. ಲೆಕ್ಕ ನೋಡುವ ಹೆಂಡತಿ ಹಳೆಯ ರಸೀದಿ ತೆಗೆದು ಮುಂದೆ ಹಿಡಿದಳು: “ಇದನ್ನೇ ಅಲ್ಲವೇ ನೀವು ಹೊಸದು ಎಂದು ತಂದದ್ದು?”